ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದ ದೂರ ಎಷ್ಟು, ಪ್ರಯಾಣಕ್ಕೆ ಹಿಡಿಯುವ ಹೊತ್ತು ಎಷ್ಟು?

ಗೋಣಿಕೊಪ್ಪದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಮತ್ತು ಅಳಿಯ ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಫ್ರೀಮಾಂಟ್‌ನಲ್ಲಿ ನೆಲೆಸಿದ್ದಾರೆ. ಕಾಫಿ ಕೊಯ್ಲು ಮುಗಿಸಿ, ಹೂಮಳೆ ಬಂದರೆ ಸರಿ, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಯಿಸಿ, ಮಾರ್ಚ್ ಕೊನೆಯ ವಾರದಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೊರಡಬೇಕೆಂದಿದ್ದೇವೆ. ಜುಲೈನಲ್ಲಿ ಹಿಂದಿರುಗುವ ಯೋಚನೆಯಿದೆ. ಇಬ್ಬರಿಗೂ ಅರವತ್ತು ದಾಟಿದೆ, ಪತ್ನಿಗೆ ಮಂಡಿನೋವು ಬೇರೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಈ ಪ್ರಯಾಣ ನಿಜವಾಗಿ ಎಷ್ಟು ದೊಡ್ಡದು ಎಂಬುದನ್ನು ತಿಳಿದುಕೊಳ್ಳಲು ಕುಳಿತೆ. ತಿಳಿಯುವುದಿರಲಿ, ಗೊಂದಲವೇ ಹೆಚ್ಚಾಯಿತು.

ಒಂದು ಕಡೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ 14,000 ಕಿ.ಮೀ. ದೂರವೆಂದು ಬರೆದಿದೆ, ಇನ್ನೊಂದು ಕಡೆ 16,000 ಎಂದಿದೆ. ಪ್ರಯಾಣದ ಅವಧಿಯಂತೂ 16 ಗಂಟೆಯಿಂದ ಹಿಡಿದು 27 ಗಂಟೆಯವರೆಗೆ ಬೇಕಾದಂತೆ ಸಿಗುತ್ತದೆ. ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು ಲೆಕ್ಕವೆಂದು ಅಳಿಯ ಹೇಳುತ್ತಾನೆ. ಅಷ್ಟು ಸಾಲದೆಂಬಂತೆ, ಸೋಮವಾರ ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಸೋಮವಾರ ಸಂಜೆಯೇ ಅಲ್ಲಿರುತ್ತೀರಿ ಎಂದೂ ಸೇರಿಸುತ್ತಾನೆ. ಎರಡು ಊರುಗಳು ಕದಲದೆ ನಿಂತಲ್ಲೇ ನಿಂತಿರುವಾಗ ಅವುಗಳ ನಡುವಿನ ದೂರ ಹೀಗೇಕೆ ಬೇರೆಬೇರೆಯಾಗುತ್ತದೆ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಸೋಮವಾರಪೇಟೆಯ ನಿವೃತ್ತ ಮೇಷ್ಟ್ರು

ಮಾನ್ಯರೆ, ನೀವು ಓದಿದ 14,000 ಎಂಬುದು ಭೂಮಿಯ ಮೇಲ್ಮೈಗುಂಟ ಅಳೆದ ಅತಿ ಹತ್ತಿರದ ದೂರ. ಇದಕ್ಕೆ ಮಹಾವೃತ್ತದ ದೂರವೆಂದು ಹೆಸರು. ಭೂಮಿಯ ಕೇಂದ್ರವನ್ನೂ ಈ ಎರಡು ಊರುಗಳನ್ನೂ ಹಾಯುವಂತೆ ಗೋಳವನ್ನು ಕತ್ತರಿಸಿದರೆ ಮೇಲ್ಮೈಯಲ್ಲಿ ಮೂಡುವ ಗೆರೆಯೇ ಮಹಾವೃತ್ತ. ಅದಕ್ಕಿಂತ ಹತ್ತಿರದ ದಾರಿ ಮತ್ತೊಂದಿಲ್ಲ. ಗೋಡೆಗೆ ತೂಗುಹಾಕುವ ನಕಾಶೆಯಲ್ಲಿ ಅಳತೆಪಟ್ಟಿ ಇಟ್ಟು ಎಳೆದ ಗೆರೆಯಾದರೋ ನೋಡುವುದಕ್ಕೆ ಮಾತ್ರ ನೇರ. ಅಕ್ಷಾಂಶ ರೇಖಾಂಶಗಳೆಲ್ಲ ನೇರ ಗೆರೆಗಳಾಗಿರುವ ಮರ್ಕೇಟರ್ ಎಂಬ ಬಗೆಯ ನಕಾಶೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರವನ್ನು ಅಡ್ಡಹಾಯ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಅಂತಹ ಗೆರೆ ಎಳೆದು ಆ ದಾರಿಯಲ್ಲೇ ಹೋದಿರೆಂದರೆ ಸುಮಾರು 16,100 ಕಿ.ಮೀ. ಆಗುತ್ತದೆ. ನೇರವಾಗಿ ಕಾಣುವ ದಾರಿಯೇ ಎರಡು ಸಾವಿರ ಕಿಲೋಮೀಟರ್ ಸುತ್ತು!

ನಂಬಿಕೆ ಬಾರದಿದ್ದರೆ ಹಿತ್ತಲಿನಿಂದ ಒಂದು ಚಕ್ಕೋತ ಕೊಯ್ದು ತನ್ನಿ. (ಕಿತ್ತಳೆಯೂ ಆದೀತು, ಆದರೆ ನಮ್ಮ ಕೊಡಗಿನ ಕಿತ್ತಳೆ ಇದಕ್ಕೆ ಸಣ್ಣದು, ಈಗ ಸಿಗುವುದೂ ಅಪರೂಪ.) ತೊಟ್ಟಿನ ಜಾಗವನ್ನು ಉತ್ತರ ಧ್ರುವವೆಂದು ಇಟ್ಟುಕೊಂಡು, ನಡುಗೆರೆಗಿಂತ ತುಸು ಮೇಲೆ ಬೆಂಗಳೂರಿಗೆ ಒಂದು ಗುಂಡುಸೂಜಿ ಚುಚ್ಚಿ. ಹಣ್ಣಿನ ಹಿಂಬದಿಯಲ್ಲಿ, ನಡುಗೆರೆಗೂ ತೊಟ್ಟಿಗೂ ಇರುವ ಅಂತರದಲ್ಲಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೊಂದು. ಎರಡಕ್ಕೂ ದಾರ ಕಟ್ಟಿ ಬಿಗಿಯಾಗಿ ಎಳೆಯಿರಿ. ದಾರ ಹಣ್ಣಿನ ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ, ತಾನಾಗಿಯೇ ತೊಟ್ಟಿನ ಕಡೆಗೆ ಜಾರುತ್ತದೆ. ತರಗತಿಯಲ್ಲಿ ಎಷ್ಟು ಚಿತ್ರ ಬರೆದರೂ ತಲೆಗೆ ಹತ್ತದ ಮಕ್ಕಳಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು.

ಇನ್ನು ಅಂಕಿಗಳು. ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಎರಡೂ ರೇಖಾಂಶಗಳನ್ನು ಕೂಡಿದರೆ 200 ಆಗುತ್ತದೆ. ಇದು ಅರ್ಧ ವೃತ್ತವಾದ 180ಕ್ಕೆ ಬಹಳ ಸಮೀಪ. ಎಂದರೆ ಎರಡು ಊರುಗಳೂ ಧ್ರುವದ ಎರಡು ಮಗ್ಗುಲುಗಳಲ್ಲಿ ಹೆಚ್ಚುಕಡಿಮೆ ಎದುರುಬದುರಾಗಿ ಕುಳಿತಿವೆ. ಹಾಗಾದರೆ ನೇರವಾಗಿ ಧ್ರುವದ ಮೇಲೆಯೇ ಹಾದುಹೋದರೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 52.4 ಡಿಗ್ರಿ, ಒಟ್ಟು 129.2 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದಿಟ್ಟುಕೊಂಡರೆ ಸುಮಾರು 14,350 ಕಿ.ಮೀ. ಆಯಿತು. ಅತಿ ಹತ್ತಿರದ ದಾರಿಗಿಂತ ಇದು ಮುನ್ನೂರೈವತ್ತು ಕಿಲೋಮೀಟರ್‌ನಷ್ಟು ಮಾತ್ರ ಹೆಚ್ಚು.

ಕುಶಾಲನಗರದ ವಿದ್ಯಾರ್ಥಿನಿ

ಮೇಷ್ಟ್ರೆ, ಒಂದು ಸಂದೇಹ. ಅಮೆರಿಕ ನಮಗೆ ಪಶ್ಚಿಮದಲ್ಲಿದೆ ಎಂದೇ ಕಲಿತಿದ್ದೇವೆ, ನೀವು ಪೂರ್ವಕ್ಕೆ ಗೆರೆ ಎಳೆಯುತ್ತಿದ್ದೀರಿ. ಯಾವುದು ಸರಿ?

ಸೋಮವಾರಪೇಟೆಯ ನಿವೃತ್ತ ಮೇಷ್ಟ್ರು

ನ್ಯೂಯಾರ್ಕ್‌ಗೆ ಹೋಗುವವರು ಪಶ್ಚಿಮವೆನ್ನಲಿ, ಅಡ್ಡಿಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಆ ದೇಶದ ಪಶ್ಚಿಮ ಕರಾವಳಿಯಲ್ಲಿರುವುದರಿಂದ, ನಮ್ಮಿಂದ ಪೂರ್ವಕ್ಕೆ ಹೊರಟರೆ 160 ಡಿಗ್ರಿ, ಪಶ್ಚಿಮಕ್ಕೆ ಹೊರಟರೆ 200 ಡಿಗ್ರಿ ಸುತ್ತಬೇಕು. ಆದ್ದರಿಂದ ಪೂರ್ವವೇ ಹತ್ತಿರ. ಅದರಲ್ಲೂ ಮಹಾವೃತ್ತದ ದಾರಿ ಬೆಂಗಳೂರಿನಿಂದ ಹೊರಡುವುದು ಪೂರ್ವಕ್ಕೂ ಅಲ್ಲ, ಉತ್ತರದಿಂದ ಬಲಕ್ಕೆ ಇಪ್ಪತ್ತು ಡಿಗ್ರಿಯಷ್ಟು ಮಾತ್ರ ವಾಲಿ. ಆ ಗೆರೆ ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು ಮತ್ತು ಸೈಬೀರಿಯಾಗಳ ಮೇಲೆ ಸಾಗಿ, 71 ಡಿಗ್ರಿ ಉತ್ತರದವರೆಗೆ ಏರಿ, ಆರ್ಕ್ಟಿಕ್ ಸಾಗರದ ಅಂಚನ್ನು ಸವರಿಕೊಂಡು ಅಲಾಸ್ಕಾದ ಮೇಲಿನಿಂದ ದಕ್ಷಿಣಕ್ಕೆ ಇಳಿಯುತ್ತದೆ.

ನಾಪೋಕ್ಲು ಮೂಲ, ಈಗ ದೇವನಹಳ್ಳಿ

ಮೇಷ್ಟ್ರ ಲೆಕ್ಕದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಆದರೆ ಯಾವ ವಿಮಾನವೂ ಆ ದಾರದ ಮೇಲೆ ಹಾರುವುದಿಲ್ಲ. ವಿಮಾನ ಹೊರಡುವ ಮುನ್ನ ದಾರಿ, ಇಂಧನ, ಗಾಳಿ ಇವುಗಳ ಲೆಕ್ಕ ಹಾಕುವ ಕಚೇರಿಗಳ ಒಡನಾಟ ನನಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯ ಅಡ್ಡಿ ಹಿಮಾಲಯ ಮತ್ತು ಅದರಾಚೆಯ ಟಿಬೆಟ್. ಹಿಮಾಲಯದ ಶಿಖರಗಳಿಗಿಂತ ವಿಮಾನ ಎತ್ತರದಲ್ಲಿಯೇ ಹಾರುತ್ತದೆ, ಪ್ರಶ್ನೆ ಅದಲ್ಲ. ಹಾರುವಾಗ ಒಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ, ಯಾರೂ ಮಾಸ್ಕ್ ಇಲ್ಲದೆ ಉಸಿರಾಡಬಹುದಾದ ಸುಮಾರು 3,000 ಮೀಟರ್ ಎತ್ತರಕ್ಕೆ ಪೈಲಟ್ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್‌ಗೂ ಮೇಲಿರುವಾಗ ಇಳಿಯುವುದಾದರೂ ಎಲ್ಲಿಗೆ? ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮಾಸ್ಕ್‌ಗಳಿಗೆ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸು ಮಾತ್ರ. ಹೀಗಾಗಿ ಬಹುತೇಕ ವಿಮಾನಗಳು ಆ ಪ್ರದೇಶವನ್ನು ಬಳಸಿಕೊಂಡೇ ಹೋಗುತ್ತವೆ.

ಎರಡನೆಯದು ದೇಶಗಳ ನಡುವಿನ ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಅಮೆರಿಕ ಮತ್ತು ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು, ಭಾರತದ ಸಂಸ್ಥೆಗಳಿಗೆ ತೆರೆದೇ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವವರಿಗೆ ಹೆಚ್ಚು ತೊಂದರೆಯಾಯಿತು. ಬೆಂಗಳೂರಿನಿಂದ ಪೂರ್ವಕ್ಕೆ ಹೊರಡುವ ದಾರಿ ಪಾಕಿಸ್ತಾನವನ್ನು ಹಾಯುವುದಿಲ್ಲ. ಒಂದೇ ಎರಡು ಊರುಗಳ ನಡುವೆ ಎರಡು ಸಂಸ್ಥೆಗಳ ವಿಮಾನಗಳು ಬೇರೆಬೇರೆ ದೂರ ಹಾರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಗಾಳಿ, ಹೊತ್ತಿನ ವ್ಯತ್ಯಾಸಕ್ಕೆ ಮುಖ್ಯ ಕಾರಣವೂ ಅದೇ. ವಿಮಾನಗಳು ಹಾರುವ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಜಪಾನಿನಿಂದ ಪೆಸಿಫಿಕ್ ಕಡೆಗೆ ಇದು ಬಹಳ ಬಲವಾಗಿರುತ್ತದೆ; ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ವಿಶೇಷವೇನಲ್ಲ. ವಿಮಾನದ ಸ್ವಂತ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದುಕೊಳ್ಳಿ. ಹಿಂದಿನಿಂದ ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ ಅದು ಸಾವಿರ ದಾಟುತ್ತದೆ, ಎದುರಿನಿಂದ ಬಂದರೆ ಎಂಟುನೂರಕ್ಕಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವಾಗ ಪೆಸಿಫಿಕ್ ಮೇಲೆ ಸ್ವಲ್ಪ ಸುತ್ತಿದರೂ ಗಾಳಿಯ ಜೊತೆ ಹೋಗುವುದೇ ಲಾಭ, ಬರುವಾಗ ಆ ಗಾಳಿಯನ್ನು ತಪ್ಪಿಸಿಕೊಂಡು ಉತ್ತರಕ್ಕೆ ಸರಿಯುವುದೇ ಲಾಭ. ನೇರ ವಿಮಾನವಾದರೆ ಹೋಗುವುದಕ್ಕೆ 16 ಗಂಟೆಯ ಆಸುಪಾಸು, ಬರುವುದಕ್ಕೆ 17 ಗಂಟೆ ಮೀರಿದ ಹೊತ್ತು ಹಿಡಿಯುವ ಗುಟ್ಟು ಇದೇ. ಬೆಳೆಗಾರರು ಜುಲೈನಲ್ಲಿ ಹಿಂದಿರುಗುತ್ತಾರೆ; ಬೇಸಿಗೆಯಲ್ಲಿ ಈ ಗಾಳಿ ಸಡಿಲವಾಗಿರುವುದರಿಂದ ಜನವರಿಯಲ್ಲಿ ಬರುವವರಷ್ಟು ಎದುರುಗಾಳಿಯನ್ನು ಅವರು ಎದುರಿಸಬೇಕಾಗಿಲ್ಲ.

16,000 ಎಂಬ ಅಂಕಿ ಜನರ ಬಾಯಿಗೆ ಬಂದದ್ದು 2021ರಲ್ಲಿ. ಆ ವರ್ಷದ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲರೂ ಮಹಿಳೆಯರೇ. ದಾರಿ ಉತ್ತರ ಧ್ರುವದ ಮೇಲಿನದು. 238 ಆಸನಗಳ ಬೋಯಿಂಗ್ 777-200ಎಲ್‌ಆರ್ ವಿಮಾನವದು. ನೇರ ದೂರ 13,993 ಕಿ.ಮೀ. ಎಂದು ಸರ್ಕಾರದ ಕಡೆಯವರು ಹೇಳಿದರು, ಸುದ್ದಿಗಳಲ್ಲಿ ಮಾತ್ರ ಸುಮಾರು 16,000 ಕಿ.ಮೀ. ಎಂದೇ ಬಂತು. ಅಂದಿನಿಂದ ಎರಡೂ ಅಂಕಿಗಳು ಜೊತೆಜೊತೆಯಾಗಿ ಓಡಾಡುತ್ತಿವೆ.

ಧ್ರುವದ ದಾರಿಯ ಬಗ್ಗೆ ಒಂದು ಮಾತು. ಅಲ್ಲಿ ಹೊರಗಿನ ಚಳಿ ಎಷ್ಟಿರುತ್ತದೆಯೆಂದರೆ ಟ್ಯಾಂಕಿನೊಳಗಿನ ಇಂಧನದ ಉಷ್ಣಾಂಶವನ್ನು ಪೈಲಟ್‌ಗಳು ಕಣ್ಣಿಟ್ಟು ನೋಡುತ್ತಿರಬೇಕು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನದ ಘನೀಭವನದ ಮಿತಿ ಮೈನಸ್ 40 ಡಿಗ್ರಿ ಸೆಲ್ಸಿಯಸ್, ಭಾರತದಲ್ಲಿ ಸಿಗುವ ಜೆಟ್ ಎ-1 ಇಂಧನದ್ದು ಮೈನಸ್ 47. ಇಂಧನ ಆ ಮಿತಿಯತ್ತ ಇಳಿಯತೊಡಗಿದರೆ ಎತ್ತರ ತಗ್ಗಿಸಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು. ಎರಡಕ್ಕೂ ಹೆಚ್ಚು ಇಂಧನ ಬೇಕು.

ಗೋಣಿಕೊಪ್ಪದ ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ಚಕ್ಕೋತದ ಪ್ರಯೋಗವನ್ನು ಊಟದ ಮೇಜಿನ ಮೇಲೆಯೇ ಮಾಡಿದೆವು. ಪತ್ನಿ ದಾರ ಹಿಡಿದಳು, ದಾರ ತೊಟ್ಟಿನ ಕಡೆಗೇ ಜಾರಿತು. ದೂರದ ವಿಚಾರ ಬಗೆಹರಿಯಿತು. ಆದರೆ ಸೋಮವಾರ ಹೊರಟು ಸೋಮವಾರವೇ ತಲುಪುವ ಸಂಗತಿ ಇನ್ನೂ ಬಗೆಹರಿದಿಲ್ಲ.

ಪೊನ್ನಂಪೇಟೆಯ ಅಜ್ಜಿ

ಮೊಮ್ಮಕ್ಕಳನ್ನು ನೋಡಲು ಹೋಗಿಬಂದವಳಾದ್ದರಿಂದ ಇದನ್ನು ನಾನು ಹೇಳುತ್ತೇನೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ನೀವು ಮಾರ್ಚ್ ಕೊನೆಯಲ್ಲಿ ಹೋಗುವುದರಿಂದ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಾದರೆ ಹದಿಮೂರೂವರೆ.

ಈಗ ಲೆಕ್ಕ ಮಾಡಿ. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ ಆರು. ಅದರಿಂದ ಹನ್ನೆರಡೂವರೆ ಕಳೆದರೆ ಸೋಮವಾರ ಸಂಜೆ ಐದೂವರೆ. ಅಳಿಯ ಹೇಳಿದ್ದು ಸರಿಯೇ. ಹೋಗುವಾಗ ಹೀಗೆ ಸಿಕ್ಕಿದ್ದನ್ನು ಬರುವಾಗ ತಿರುಗಿ ಕೊಡಬೇಕಾಗುತ್ತದೆ. ಅಲ್ಲಿ ಸೋಮವಾರ ರಾತ್ರಿ ಎಂಟೂವರೆಗೆ ವಿಮಾನ ಹತ್ತಿ ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಇಳಿಯುವಾಗ ಬುಧವಾರ ನಸುಕಿನ ಎರಡೂವರೆ. ಮಂಗಳವಾರವೆಂಬುದು ಆಕಾಶದಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಹಿಂದಿರುಗುವಾಗ ಕಾರಿನವರಿಗೆ ದಿನಾಂಕ ಹೇಳುವ ಮೊದಲು ಟಿಕೆಟ್ಟಿನಲ್ಲಿ ಇಳಿಯುವ ದಿನದ ಎದುರು ಪ್ಲಸ್ ಎರಡು ಎಂದಿದೆಯೇ ನೋಡಿಕೊಳ್ಳಿ.

ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರು ಅದನ್ನು ಯಾವ ಊರಿನ ಗಡಿಯಾರ ನೋಡಿ ನುಂಗಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಬೇಕು. ಮಾತ್ರೆಗಳು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಇನ್ನೊಂದು ಸಂಗತಿ: ಪೂರ್ವಕ್ಕೆ ಹೋದಾಗ ದೇಹದ ನಿದ್ದೆಯ ಲಯ ಸರಿಹೋಗುವುದು ನಿಧಾನ ಎನ್ನುತ್ತಾರೆ. ಆದರೆ ಹನ್ನೆರಡು ಗಂಟೆಯ ವ್ಯತ್ಯಾಸದಲ್ಲಿ ಪೂರ್ವವೂ ಪಶ್ಚಿಮವೂ ಒಂದೇ. ಮೊದಲ ವಾರ ಮಧ್ಯರಾತ್ರಿ ಹಸಿವಾಗುತ್ತದೆ, ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಮಗಳಿಗೆ ಹೇಳಿ ಮೊದಲ ವಾರ ಯಾವ ಊರಿಗೂ ತಿರುಗಾಟ ಇಟ್ಟುಕೊಳ್ಳಬೇಡಿ.

ವಿರಾಜಪೇಟೆಯ ವರ್ತಕ

ಎಲ್ಲರೂ ಬೆಂಗಳೂರನ್ನೇ ಹಿಡಿದು ಮಾತನಾಡುತ್ತಿದ್ದೀರಿ. ನಮಗೆ ಅತಿ ಹತ್ತಿರದ ವಿಮಾನ ನಿಲ್ದಾಣ ಕಣ್ಣೂರು. ಮಟ್ಟನ್ನೂರಿನಲ್ಲಿ ಅದು 2018ರ ಡಿಸೆಂಬರ್ 9ರಂದು ಆರಂಭವಾಯಿತು. ಅಂದು ಹೊರಟ ಮೊದಲ ವಿಮಾನ ಅಬುಧಾಬಿಗೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮೂಲಕ ಹೋದರೆ ಸುಮಾರು 60 ಕಿ.ಮೀ., ಬೆಂಗಳೂರಿನ ನಾಲ್ಕನೆಯ ಒಂದು ಪಾಲು ದಾರಿಯೂ ಅಲ್ಲ. ಅಲ್ಲಿಂದ ಕೊಲ್ಲಿಗೆ ಹೋಗಿ, ಕೊಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಹಿಡಿದರೆ ಆಯಿತಲ್ಲ?

ನಾಪೋಕ್ಲು ಮೂಲ, ಈಗ ದೇವನಹಳ್ಳಿ

ಕೊಲ್ಲಿಯಲ್ಲಿಯೇ ಇಳಿಯುವವರಿಗೆ ಕಣ್ಣೂರಿನಂಥ ಅನುಕೂಲ ಇನ್ನೊಂದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಮಾತ್ರ ತೊಡಕಿದೆ. ಕಣ್ಣೂರಿಗೆ ವಿದೇಶಿ ವಿಮಾನ ಸಂಸ್ಥೆಗಳು ನಿತ್ಯದ ಸೇವೆ ನಡೆಸಲು ಅನುಮತಿ ಸಿಕ್ಕಿಲ್ಲವಾದ್ದರಿಂದ ಅಲ್ಲಿಂದ ಕೊಲ್ಲಿಗೆ ಹಾರುವುದು ಭಾರತದ ಸಂಸ್ಥೆಗಳು, ಕೊಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರುವುದು ಅಲ್ಲಿನ ಸಂಸ್ಥೆಗಳು. ಎರಡೂ ಒಂದೇ ಪಿಎನ್‌ಆರ್‌ನಲ್ಲಿ (ಎಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ) ಸಿಗದಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ಲಗೇಜನ್ನು ಕೊಲ್ಲಿಯಲ್ಲಿ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಿ ಬಂದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು.

ಪೊನ್ನಂಪೇಟೆಯ ಅಜ್ಜಿ

ನಮ್ಮ ಸಂಬಂಧಿಕರೊಬ್ಬರಿಗೆ ಹೀಗೆಯೇ ಆಯಿತು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಎರಡು ಬಿಡಿ ಟಿಕೆಟ್‌ಗಳನ್ನು ಒಂದೇ ಕಾಗದದಲ್ಲಿ ಮುದ್ರಿಸಿ ಕೊಟ್ಟಿದ್ದ. ನೋಡುವುದಕ್ಕೆ ಒಂದೇ ಪ್ರಯಾಣದಂತೆ ಕಾಣುತ್ತಿತ್ತು. ಮೊದಲ ವಿಮಾನ ತಡವಾಯಿತು, ಎರಡನೆಯದು ಹೋಯಿತು, ಅಲ್ಲಿ ನಿಂತು ಹೊಸ ಟಿಕೆಟ್ ಕೊಂಡರು. ಕಾಗದ ಒಂದೇ ಇದ್ದರೆ ಸಾಲದು, ಅದರಲ್ಲಿ ಪಿಎನ್‌ಆರ್ ಎಷ್ಟಿದೆ ಎಂದು ನೋಡಬೇಕು.

ಸೋಮವಾರಪೇಟೆಯ ನಿವೃತ್ತ ಮೇಷ್ಟ್ರು

ಕೊಲ್ಲಿಯ ಮಾತು ಬಂದದ್ದರಿಂದ, ಬೆಂಗಳೂರಿನಿಂದ ಬೇರೆಬೇರೆ ಊರುಗಳ ಮೂಲಕ ಹೋದರೆ ಮಹಾವೃತ್ತದ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಕುಳಿತು ಗುಣಿಸಿದೆ. ದುಬೈ ಮೂಲಕ ಹೋದರೆ ಮೊದಲ ಹಾರಾಟ 2,700, ಎರಡನೆಯದು 13,040, ಒಟ್ಟು 15,740 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 7,400 ಹಾಗೂ 9,150, ಒಟ್ಟು 16,550. ಸಿಂಗಪುರದ ಮೂಲಕ 3,180 ಹಾಗೂ 13,590, ಒಟ್ಟು 16,770. ಟೋಕಿಯೊದ ನರಿಟಾ ಮೂಲಕ 6,700 ಹಾಗೂ 8,225, ಒಟ್ಟು 14,925. ನಕಾಶೆಯಲ್ಲಿ ಟೋಕಿಯೊ ಎಲ್ಲಿಯೋ ಮೂಲೆಯಲ್ಲಿ ಬಿದ್ದಿರುವಂತೆ ಕಾಣುತ್ತದೆ. ನಿಜವಾಗಿ ನೋಡಿದರೆ ಆ ದಾರಿ ನೇರ ದಾರಿಗಿಂತ ಸಾವಿರ ಕಿಲೋಮೀಟರ್‌ನಷ್ಟೂ ಹೆಚ್ಚಿಲ್ಲ.

ನಾಪೋಕ್ಲು ಮೂಲ, ಈಗ ದೇವನಹಳ್ಳಿ

ಮೇಷ್ಟ್ರು ಕೊಟ್ಟ ಮೊತ್ತಗಳಿಗಿಂತ ಆ ಬಿಡಿ ಅಂಕಿಗಳನ್ನು ಬೆಳೆಗಾರರು ಗಮನಿಸಬೇಕು. ದುಬೈ ಮೂಲಕ ಹೋಗುವವರು ನಾಲ್ಕು ಗಂಟೆ ಹಾರಿ ಇಳಿದು, ಮತ್ತೆ ಹದಿನಾರು ಗಂಟೆ ಒಂದೇ ಸಮನೆ ಕೂರಬೇಕು. ನೇರ ವಿಮಾನದಲ್ಲಿ ಕೂರುವುದಕ್ಕೂ ಅದಕ್ಕೂ ವ್ಯತ್ಯಾಸವೇನು? ಮಂಡಿನೋವಿನವರು ಕಷ್ಟವನ್ನು ತಪ್ಪಿಸಿಕೊಂಡಂತೆ ಆಗಲಿಲ್ಲ, ಅದರ ಮೇಲೆ ನಾಲ್ಕು ಗಂಟೆ ಸೇರಿಸಿಕೊಂಡಂತಾಯಿತು. ಸಿಂಗಪುರದ ಕಥೆಯೂ ಅದೇ. ಟೋಕಿಯೊ ಮೂಲಕವಾದರೆ ಮೊದಲು ಎಂಟು ಗಂಟೆ, ಆಮೇಲೆ ಒಂಬತ್ತು ಒಂಬತ್ತೂವರೆ ಗಂಟೆ. ಫ್ರಾಂಕ್‌ಫರ್ಟ್ ಮೂಲಕವಾದರೆ ಹತ್ತು ಗಂಟೆ ಹಾಗೂ ಹನ್ನೊಂದೂವರೆ ಗಂಟೆ. ದಾರಿಯನ್ನು ಹೆಚ್ಚುಕಡಿಮೆ ನಡುವಿನಲ್ಲಿ ಮುರಿಯುವುದು ಇವೆರಡೇ. ಬರುವಾಗ ಟೋಕಿಯೊ ದಾರಿಯಲ್ಲಿ ಎದುರುಗಾಳಿ ಇರುವುದರಿಂದ ಹನ್ನೊಂದು ಹಾಗೂ ಹತ್ತು ಗಂಟೆ ಎಂದು ಹಿಡಿಯಿರಿ.

ಜಾಲತಾಣಗಳಲ್ಲಿ ಕಂಡ 22, 27 ಗಂಟೆಗಳೆಲ್ಲ ನಡುವಿನ ಊರಿನಲ್ಲಿ ಕಾಯುವ ಹೊತ್ತನ್ನೂ ಸೇರಿಸಿದ ಅಂಕಿಗಳು. ತೀರ ಕಡಿಮೆ ಕಾಯುವ ಟಿಕೆಟ್ ಬಯಸಬೇಡಿ. ಒಂದು ಗಂಟೆ ಹತ್ತು ನಿಮಿಷದಲ್ಲಿ ಗೇಟ್‌ನಿಂದ ಗೇಟ್‌ಗೆ ಓಡುವುದು ಯುವಕರಿಗೆ ಸರಿ, ನಿಮಗೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ, ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಅಮೆರಿಕದ ಬೇರೊಂದು ಊರಿನಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಟಿಕೆಟ್ ಅಗ್ಗವಾಗಿ ಸಿಕ್ಕರೂ ನಾನು ಬೇಡವೆನ್ನುತ್ತೇನೆ. ಇಮಿಗ್ರೇಷನ್ ಆ ದೇಶದಲ್ಲಿ ಮೊದಲು ಕಾಲಿಟ್ಟ ಊರಿನಲ್ಲಿಯೇ ಆಗುತ್ತದೆ; ಲಗೇಜನ್ನೂ ಸಾಮಾನ್ಯವಾಗಿ ಅಲ್ಲಿಯೇ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು.

ಮಡಿಕೇರಿಯ ಟ್ಯಾಕ್ಸಿ ಚಾಲಕ

ಆಕಾಶದ ದಾರಿಯನ್ನು ದೊಡ್ಡವರು ಹೇಳಿದ್ದಾರೆ, ನೆಲದ ದಾರಿಯನ್ನು ನಾನು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ವಿಮಾನವೂ ಇಲ್ಲ, ರೈಲೂ ಇಲ್ಲ. ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು, ಹುಣಸೂರು ದಾಟಿ ಮೈಸೂರಿಗೆ ಸುಮಾರು 90 ಕಿ.ಮೀ. ಅಲ್ಲಿಂದ ದೇವನಹಳ್ಳಿಯವರೆಗೆ ಇನ್ನೂ 180 ಎಂದಿಟ್ಟುಕೊಳ್ಳಿ. 2023ರ ಮಾರ್ಚ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿನಿಂದ ಕೆಂಗೇರಿಯವರೆಗೆ ಸರಾಗವಾಗಿ ಬಂದುಬಿಡಬಹುದು. ಕೆಂಗೇರಿಯಿಂದ ಹೆಬ್ಬಾಳ ದಾಟುವುದು ಯಾವ ಹೊತ್ತಿಗೆ ಬಂದಿದ್ದೀರಿ ಎಂಬುದರ ಮೇಲಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ನಗರದೊಳಗೆ ಸಿಕ್ಕಿಕೊಂಡರೆ ಆ ತುಂಡಿಗೇ ಎರಡು ಗಂಟೆ ಹೋದರೂ ಹೋಯಿತು. ಒಟ್ಟು ಏಳು ಗಂಟೆ ಇಟ್ಟುಕೊಳ್ಳಿ, ನಡುವೆ ತಿಂಡಿಗೆ ನಿಲ್ಲುವುದೂ ಅದರಲ್ಲಿ ಸೇರಿದೆ.

ಮಧ್ಯಾಹ್ನ ಎರಡರ ವಿಮಾನವೆಂದರೆ ಹತ್ತೂವರೆಗೆ ನಿಲ್ದಾಣದಲ್ಲಿರಬೇಕು. ಹಾಗಾದರೆ ಗೋಣಿಕೊಪ್ಪವನ್ನು ನಸುಕಿನ ಮೂರೂವರೆಗೆ ಬಿಡಬೇಕು. ಆ ಹೊತ್ತಿನಲ್ಲಿ ಆನೆಚೌಕೂರಿನ ಕಾಡುದಾರಿಯಲ್ಲಿ ಆನೆ ರಸ್ತೆಗೆ ಬಂದು ನಿಂತರೆ ಹಾರ್ನ್ ಮಾಡುವ ಹಾಗಿಲ್ಲ, ಲೈಟು ತಗ್ಗಿಸಿ ಅದು ಹೋಗುವವರೆಗೆ ಕಾಯಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಹಿಂದಿನ ದಿನವೇ ಹೊರಟು ದೇವನಹಳ್ಳಿಯ ಹತ್ತಿರ ತಂಗಿಬಿಡಿ ಎಂದು ನಾನು ಹೇಳುವುದು. ಕಾರು ಬೇಡವೆಂದರೆ ಮೈಸೂರಿನಿಂದ ವಿಮಾನ ನಿಲ್ದಾಣಕ್ಕೇ ಕೆಎಸ್ಆರ್‌ಟಿಸಿಯ ಫ್ಲೈಬಸ್ ಇದೆ, ಬೆಂಗಳೂರಿನಲ್ಲಿ ಇಳಿದು ಬದಲಾಯಿಸಬೇಕಾಗಿಲ್ಲ.

ಕುಶಾಲನಗರದ ವಿದ್ಯಾರ್ಥಿನಿ

ಕೂಡಿ ನೋಡಿದೆ. ರಸ್ತೆಗೆ ಏಳು, ವಿಮಾನ ನಿಲ್ದಾಣದಲ್ಲಿ ಮೂರೂವರೆ, ನೇರ ವಿಮಾನವಿದ್ದರೆ ಅದರಲ್ಲಿ ಹದಿನಾರು, ಅಲ್ಲಿ ಇಮಿಗ್ರೇಷನ್ ಮತ್ತು ಲಗೇಜಿಗೆ ಎರಡು, ಫ್ರೀಮಾಂಟ್‌ಗೆ ಒಂದು. ಮನೆಯಿಂದ ಮನೆಗೆ ಇಪ್ಪತ್ತೊಂಬತ್ತೂವರೆ ಗಂಟೆ. ಅದರಲ್ಲಿ 270 ಕಿ.ಮೀ.ಗೆ ಏಳು ಗಂಟೆ, 14,000 ಕಿ.ಮೀ.ಗೆ ಹದಿನಾರು ಗಂಟೆ!

ವಿರಾಜಪೇಟೆಯ ವರ್ತಕ

ಅದಕ್ಕೇ ನಾನು ಕಣ್ಣೂರು ಎಂದದ್ದು. ಒಂದೇ ಪಿಎನ್‌ಆರ್‌ನ ಮಾತನ್ನು ಒಪ್ಪುತ್ತೇನೆ. ಆದರೂ ಮಾಕುಟ್ಟದ ರಸ್ತೆ ಚೆನ್ನಾಗಿದ್ದು ಕಣ್ಣೂರಿಗೆ ವಿದೇಶಿ ಸಂಸ್ಥೆಗಳು ಬಂದರೆ ದಕ್ಷಿಣ ಕೊಡಗಿನವರ ಏಳು ಗಂಟೆ ಎರಡು ಗಂಟೆಗೆ ಇಳಿಯುತ್ತದೆ. 2018ರ ಮಳೆಯಲ್ಲಿ ಆ ಘಾಟಿ ಕುಸಿದದ್ದು ಎಲ್ಲರಿಗೂ ನೆನಪಿರಬಹುದು; ಮಳೆಗಾಲದಲ್ಲಿ ಅದನ್ನು ನಂಬಿ ವಿಮಾನ ಹಿಡಿಯಲು ಹೊರಡುವುದು ಈಗಲೂ ಧೈರ್ಯದ ಕೆಲಸವೇ.

ಗೋಣಿಕೊಪ್ಪದ ಬೆಳೆಗಾರ

ಎಲ್ಲರ ಮಾತನ್ನೂ ಪತ್ನಿಗೆ ಓದಿ ಹೇಳಿದೆ. ನೇರ ವಿಮಾನವಿದ್ದರೂ ಅದರಲ್ಲಿ ಹದಿನಾರು ಗಂಟೆ ಕೂರಲಾರೆ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದರಿಂದ ಟೋಕಿಯೊ ಮೂಲಕ, ಒಂದೇ ಪಿಎನ್‌ಆರ್‌ನಲ್ಲಿ, ನಡುವೆ ಮೂರು ಗಂಟೆಗೂ ಮೇಲ್ಪಟ್ಟ ಬಿಡುವಿರುವಂತೆ ನೋಡುತ್ತಿದ್ದೇವೆ. ಹಿಂದಿನ ದಿನವೇ ಹೊರಟು ದೇವನಹಳ್ಳಿಯಲ್ಲಿ ತಂಗುವುದೂ ನಿಶ್ಚಯವಾಯಿತು. ಚಾಲಕರಲ್ಲಿ ಒಂದು ಪ್ರಶ್ನೆ ಉಳಿದಿದೆ: ಜುಲೈನಲ್ಲಿ ಹಿಂದಿರುಗುವಾಗ ಮಳೆ ಜೋರಾಗಿರುತ್ತದೆ. ಬೆಂಗಳೂರಿನ ಬದಲು ಮಂಗಳೂರಿನಲ್ಲಿ ಇಳಿಯುವಂತೆ ಟಿಕೆಟ್ ಮಾಡಿದರೆ ಹೇಗೆ?

ಮಡಿಕೇರಿಯ ಟ್ಯಾಕ್ಸಿ ಚಾಲಕ

ಜುಲೈನಲ್ಲಿ ಮಂಗಳೂರು ಬೇಡ. ಅಲ್ಲಿಂದ ಬರಬೇಕಾದರೆ ಸಂಪಾಜೆ ಘಾಟಿ ಹತ್ತಬೇಕು, ಅದೂ 2018ರಲ್ಲಿ ಕುಸಿದ ರಸ್ತೆಯೇ. ದೊಡ್ಡ ಮಳೆಯಲ್ಲಿ ಯಾವಾಗ ತಡೆಯುತ್ತಾರೋ ಹೇಳಲಾಗದು. ಬೆಂಗಳೂರಿನಲ್ಲಿಯೇ ಇಳಿಯಿರಿ. ಹುಣಸೂರಿನಿಂದ ತಿತಿಮತಿಗೆ ಬರುವ ದಾರಿಯಲ್ಲಿ ಘಾಟಿ ಇಲ್ಲ. ರಾತ್ರಿ ಇಳಿದರೆ ಅಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡೋಣ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀರಿ. ಟಿಕೆಟ್ ಆದ ಮೇಲೆ ಇಳಿಯುವ ದಿನಾಂಕವನ್ನು ನಮ್ಮ ಗಡಿಯಾರದ ಲೆಕ್ಕದಲ್ಲಿ ಬರೆದು ಕಳುಹಿಸಿ.